ಫ್ಲೆಕ್ಸ್ ಹಿಂದೆ ಒಂದು ಚಿತ್ರಕಲಾ ಪ್ರದರ್ಶನ

ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇದೆ. 1507 ಮೀಟರ್. ನಮಗೆ ಬೇಕಾಗಿದ್ದದ್ದು ಬರೀ 40 ಮೀಟರ್ ಗೋಡೆ, ಅದೂ ಮೂರು ದಿನದ ಮಟ್ಟಿಗೆ. ಅವಳಿ ನಗರದಲ್ಲಿ ಗೋಡೆಗೇನು ಬರ, ಅಲ್ವಾ? ಆದರೆ ಮೊಳೆ ಹೊಡೆಯಲು ಬಿಡುವ ಗೋಡೆ ಬೇಕು, ಮೇಲೆ ಲೈಟ್ ಇರಬೇಕು, ಮೊದಲೇ ಕಲೆ ಇರಬಾರದು. ಗುಟ್ಕಾ ಕಲೆ ಅಂತ ಅರ್ಥ. ಇಷ್ಟು ಶರತ್ತು ಹಾಕಿ ಹುಡುಕಲು ಹೊರಟರೆ ನಾಲ್ಕು ತಿಂಗಳು ಹಿಡಿಯುತ್ತದೆ. ನಮಗೆ ಐದು ಹಿಡಿಯಿತು.

ನಾವು ಐದು ಜನ. ನಾನು ಜಲವರ್ಣದವನು. ಒಬ್ಬರು ಹೈಸ್ಕೂಲ್ ಡ್ರಾಯಿಂಗ್ ಮಾಸ್ತರು. ಕಲಾಶಾಲೆ ಮುಗಿಸಿ ಈಗ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುವ ಹುಡುಗ ಒಬ್ಬ. ಕಸೂತಿ ಹಾಕುವ ವೈನಿ ಒಬ್ಬರು. ಮತ್ತೆ ಪೇಂಟರ್ ಕಾಕಾ. ಕಾಕಾ ಮೂವತ್ತು ವರ್ಷ ದುರ್ಗದಬೈಲಿನ ಅಂಗಡಿಗಳಿಗೆ ಬೋರ್ಡ್ ಬರೆದವರು, ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು, ಮನೆಯಲ್ಲಿ ಸುಮ್ನೆ ಕೂರಲು ಆಗದೆ ಕ್ಯಾನ್ವಾಸ್ ಹಿಡಿದರು. ಅವರ ವಿಷಯ ಸ್ವಲ್ಪ ನೆನಪಿನಲ್ಲಿಡಿ.

ಕೊನೆಗೆ ಧಾರವಾಡದಲ್ಲಿ ಒಂದು ಸಭಾಂಗಣ ಸಿಕ್ಕಿತು. ಹೆಸರು ಬೇಡ, ನಾಳೆ ಮತ್ತೆ ಅಲ್ಲಿಗೇ ಹೋಗಿ ಕೈಮುಗಿಯಬೇಕಾಗಬಹುದು. ಬಾಡಿಗೆ ಕೇಳಿ ಐವರೂ ಮೆಟ್ಟಿಲ ಮೇಲೆ ಕೂತುಬಿಟ್ಟೆವು. ಕಿಟಕಿಯ ಗುಮಾಸ್ತರಿಗೆ ಕನಿಕರ ಬಂತೇನೋ, "ಯಾವುದಾರ ಒಂದ್ ಸಂಘದ ಲೆಟರ್‌ಹೆಡ್ ತರ್ರಿ, ಅರ್ಧ ರೇಟ್ ಆಗ್ತೈತಿ" ಅಂದರು. ಮಾಸ್ತರಿಗೆ ಪರಿಚಯದ ಸಾಂಸ್ಕೃತಿಕ ಸಂಘ ಒಂದಿತ್ತು. ಅದರ ಅಧ್ಯಕ್ಷರು ಎರಡೇ ನಿಮಿಷದಲ್ಲಿ ಲೆಟರ್‌ಹೆಡ್ ಕೊಟ್ಟರು. ಲೆಟರ್‌ಹೆಡ್ ಬೆನ್ನಿಗೆ ಉದ್ಘಾಟನಾ ಸಮಾರಂಭವೂ ಬಂತು.

ನಮ್ಮ ಲೆಕ್ಕ ಸರಳ ಇತ್ತು. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವುದು, ಬಂದವರು ನೋಡುವುದು, ಸಂಜೆ ಬೀಗ ಹಾಕುವುದು. ಅಧ್ಯಕ್ಷರು ಕೇಳಿ ನಕ್ಕರು. "ಏನ್ ಕಿರಾಣಿ ಅಂಗಡಿ ಏನ್ರಿ ಇದು, ಸುಮ್ನ ಬಾಗಿಲಾ ತಗ್ಯಾಕ?"

ಆಮೇಲೆ ಆಮಂತ್ರಣ ಪತ್ರಿಕೆ. ದಿವ್ಯ ಸಾನ್ನಿಧ್ಯ ಒಬ್ಬರು, ಉದ್ಘಾಟಕರು ಒಬ್ಬರು, ಅಧ್ಯಕ್ಷತೆ ಒಬ್ಬರು, ಮುಖ್ಯ ಅತಿಥಿಗಳು ನಾಲ್ವರು, ಘನ ಉಪಸ್ಥಿತಿ ಆರು ಜನ. ಘನ ಉಪಸ್ಥಿತಿ ಅಂತ ಒಂದಿದ್ದ ಮೇಲೆ ದ್ರವ ಉಪಸ್ಥಿತಿಯೂ ಇರಬೇಕಲ್ಲ, ಅದು ನಾವೇ, ಅವತ್ತು ಬೆವತು ನೀರಾಗಿದ್ದೆವು. ಪತ್ರಿಕೆಯನ್ನು ಗದಗದಲ್ಲಿ ಮಾಡಿಸಿದೆವು. ಮುದ್ರಣ ಕಾಶಿ ಅನ್ನುತ್ತಾರೆ ಗದಗಕ್ಕೆ, ಅಚ್ಚಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಹೆಸರಿನ ಸಾಲಿನಲ್ಲಿ. ಇವರ ಹೆಸರು ಅವರ ಹೆಸರಿನ ಕೆಳಗೆ ಬಂತು ಅಂತ ಒಮ್ಮೆ, ಅವರ ಹೆಸರು ಇವರ ಪಕ್ಕಕ್ಕೆ ಬಂತು ಅಂತ ಇನ್ನೊಮ್ಮೆ, ಹೀಗೆ ಮೂರು ಸಲ ಅಚ್ಚಾಯಿತು. ಮೂರೂ ಸಲ ಒಂದೇ ಜಾಗದಲ್ಲಿ ಇದ್ದದ್ದು ನಮ್ಮ ಐವರ ಹೆಸರು. ಎಲ್ಲಕ್ಕಿಂತ ಕೆಳಗೆ, 'ಚಹಾದ ವ್ಯವಸ್ಥೆ ಇದೆ' ಎಂಬುದರ ಮೇಲೆ.

ಹಿಂದಿನ ದಿನ ಬೆಳಗ್ಗೆಯಿಂದ ಚಿತ್ರ ತೂಗುಹಾಕಿದೆವು. ಒಟ್ಟು 43. ಈ ಕೆಲಸ ಮಾಡಿದವರಿಗೆ ಗೊತ್ತು, ಗೋಡೆಯುದ್ದಕ್ಕೂ ದಾರ ಎಳೆದು ಕಟ್ಟಿ, ಚಿತ್ರದ ನಡು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಒಂದೊಂದೇ ಅಳೆದು, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಸೊಟ್ಟ ಅನಿಸಿ, ಮತ್ತೆ ಕಿತ್ತು, ಮೊಳೆ ಬಗ್ಗಿ, ಹೆಬ್ಬೆರಳಿಗೆ ಸುತ್ತಿಗೆ ಬಿದ್ದು, ಎಲ್ಲ ಮುಗಿಯುವಾಗ ರಾತ್ರಿ ಎಂಟು. ವೈನಿಯದಕ್ಕಂತೂ ಎರಡು ತಾಸು ಬೇಕಾಯಿತು. ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಗಂಟು ಹಾಕುವ ಹಾಗಿಲ್ಲ, ಎಳೆ ಎಣಿಸಿ ಹೋಗಬೇಕು, ಹೋದ ದಾರಿಯಲ್ಲೇ ವಾಪಸ್ ಬರಬೇಕು, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ವೈನಿ ಕಪ್ಪು ಚಂದ್ರಕಾಳಿ ಬಟ್ಟೆಯ ಮೇಲೆ ಒಂದು ತೇರು ಹಾಕಿದ್ದರು. ಎರಡೂ ಮಗ್ಗುಲು ಕಾಣಲಿ ಅಂತ ಎರಡು ಗಾಜಿನ ನಡುವೆ ಇಟ್ಟು, ಗೋಡೆಯಿಂದ ಮುಂದಕ್ಕೆ, ಸೂರಿನಿಂದ ಇಳಿಬಿಟ್ಟಿದ್ದೆವು.

ಎಂಟೂವರೆಗೆ ಇಬ್ಬರು ಹುಡುಗರು ಬಂದರು. ಕೈಯಲ್ಲಿ ಕಟ್ಟಿಗೆಯ ಚೌಕಟ್ಟು, ಹೆಗಲ ಮೇಲೆ ಸುರುಳಿ. "ಫ್ಲೆಕ್ಸ್ ಎಲ್ಲಿ ಕಟ್ಟೂದ್ರಿ?"

20 ಅಡಿ ಉದ್ದ, 8 ಅಡಿ ಎತ್ತರ. ಹದಿಮೂರು ಮುಖ. ದೊಡ್ಡ ಮುಖಗಳು ಮೇಲೆ, ಸಣ್ಣವು ಕೆಳಗೆ, ಎಲ್ಲರೂ ಕೈಮುಗಿದು ನಗುತ್ತಿದ್ದರು. ನಾನು ಲೆಕ್ಕ ಹಾಕಿದೆ, ಈ ಚಟ ಬಿಡುವುದಿಲ್ಲ. ನಾನು ಬರೆಯುವುದು ಹಾಫ್ ಇಂಪೀರಿಯಲ್ ಕಾಗದದ ಮೇಲೆ, 15 ಇಂಚು 22 ಇಂಚು, ಅಂದರೆ ಸುಮಾರು ಎರಡೂಕಾಲು ಚದರ ಅಡಿ. ಫ್ಲೆಕ್ಸ್ 160 ಚದರ ಅಡಿ. ನನ್ನ ಎಪ್ಪತ್ತು ಚಿತ್ರಕ್ಕೆ ಸಮ. ಎಪ್ಪತ್ತು ಚಿತ್ರಕ್ಕೆ ನನಗೆ ಮೂರು ಮಳೆಗಾಲ ಬೇಕು, ಅವರು ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮುಗಿಸಿದ್ದರು. ಅಂದ ಹಾಗೆ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ನಿಷೇಧಿಸುವಾಗ ಫ್ಲೆಕ್ಸನ್ನೂ ಪಟ್ಟಿಗೆ ಸೇರಿಸಿದ್ದರು. ಜನಕ್ಕೆ ಗೊತ್ತಾಗಿಲ್ಲ. ಒಂದು ಫ್ಲೆಕ್ಸ್ ಹಾಕಿ ತಿಳಿಸಬೇಕಿತ್ತು.

ಕಟ್ಟಲು ಜಾಗ ಇದ್ದದ್ದು ವೇದಿಕೆಯ ಹಿಂದೆ. ವೇದಿಕೆಯ ಹಿಂದೆ ಇದ್ದದ್ದು ನಮ್ಮ ಹದಿನೇಳು ಚಿತ್ರ. ಅಧ್ಯಕ್ಷರಿಗೆ ಫೋನ್ ಹಚ್ಚಿದೆ.

"ಸರ್, ಫ್ಲೆಕ್ಸ್ ಆ ಕಡೆ ಗೋಡೆಗೆ ಕಟ್ಟೋಣ್ರಿ."

"ಆ ಕಡೆ ಕಟ್ಟಿದ್ರ ಫೋಟೋದಾಗ ಬರಂಗಿಲ್ಲ."

"ಇಲ್ಲಿ ಕಟ್ಟಿದ್ರ ಚಿತ್ರ ಕಾಣಂಗಿಲ್ಲಲ್ರಿ."

"ಎಷ್ಟ್ ಹೊತ್ರಿ? ಸಮಾರಂಭ ಮುಗದ ಕೂಡ್ಲೇ ತಗ್ಯೂನಂತ."

ಕಾಕಾ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಫ್ಲೆಕ್ಸ್ ಮುಂದೆ ನಿಂತು ಅಕ್ಷರ ಓದುತ್ತಿದ್ದರು. "ಇದೇನಪಾ, 'ದಾರವಾಡ' ಅಂತ ಬರದಾರ. ಹೊಟ್ಟಿ ಸೀಳೇ ಇಲ್ಲ." ನಿಜ. ಊರಿನ ಮಹಾಪ್ರಾಣವೇ ಹೋಗಿತ್ತು. ಅದರ ಬದಲು ಪ್ರದರ್ಶನಕ್ಕೆ ಬಂದು ಕೂತಿತ್ತು, 'ಪ್ರಧರ್ಶನ' ಅಂತ. ಕಾಕಾ ಚೀಲದಿಂದ ಅರ್ಧ ಇಂಚಿನ ಬ್ರಷ್ ತೆಗೆದರು, ಎನಾಮೆಲ್ ಡಬ್ಬಿ ತೆಗೆದರು, ಸ್ಟೂಲ್ ಹತ್ತಿದರು. ಎಡಗೈ ಕಿರುಬೆರಳನ್ನು ಫ್ಲೆಕ್ಸ್‌ಗೆ ಊರಿ, ಅದರ ಮೇಲೆ ಬಲಗೈ ಮಣಿಕಟ್ಟು ಇಟ್ಟು, ಉಸಿರು ಹಿಡಿದು ಒಂದೇ ಎಳೆತಕ್ಕೆ ದಾರವಾಡವನ್ನು ಧಾರವಾಡ ಮಾಡಿದರು. ಮುಗಿದ ಮೇಲೆ ಉಸಿರು ಬಿಟ್ಟರು. 'ಪ್ರಧರ್ಶನ'ವನ್ನು ಹಾಗೇ ಬಿಟ್ಟರು. "ಸೀಳೂದಕ್ಕ ಬರ್ತೈತಿ ತಮ್ಮಾ, ಹೊಲಿಯೂದಕ್ಕ ಬರೂದಿಲ್ಲ."

ಮೂರು ದಿನ ಬಂದವರೆಲ್ಲ ತಪ್ಪದೆ ನೋಡಿದ ಒಂದೇ ಒಂದು ಕೈಕೆಲಸ ಅಂದರೆ ಆ ಗೆರೆ.

ಮರುದಿನ ಹತ್ತೂವರೆಗೆ ಉದ್ಘಾಟನೆ. ಹನ್ನೊಂದಕ್ಕೆ ಉದ್ಘಾಟಕರ ಕಡೆಯಿಂದ ಫೋನ್ ಬಂತು, "ಸಾಹೇಬ್ರು ನವನಗರ ದಾಟ್ಯಾರ್ರಿ." ಹನ್ನೊಂದೂವರೆಗೂ ನವನಗರ ದಾಟಿದ್ದರು. ಹನ್ನೆರಡೂಕಾಲಿಗೆ ಇನ್ನೊಮ್ಮೆ ದಾಟಿದರು. ಹುಬ್ಬಳ್ಳಿಯಿಂದ ಧಾರವಾಡದ ತನಕ ಇಡೀ ಚಿಗರಿ ಬಸ್ಸಿನ ದಾರಿಯೇ 22 ಕಿಲೋಮೀಟರ್, ಅಷ್ಟರಲ್ಲಿ ನವನಗರವನ್ನು ಇಷ್ಟು ಸಲ ದಾಟುವುದು ಹೇಗೆ ಅಂತ ಗೊತ್ತಾಗಲಿಲ್ಲ. ಪ್ರಾರ್ಥನೆ ಹಾಡಬೇಕಾದ ಎರಡು ಹುಡುಗಿಯರು ಪೇಡೆ ತಿಂದು ಮುಗಿಸಿ, ನೀರು ಕುಡಿದು, ಮತ್ತೆ ಹಸಿದು ಕೂತಿದ್ದರು.

ಒಂದೂಕಾಲಿಗೆ ಬಂದರು. ದೀಪ, ಹಾರ, ಶಾಲು, ಹಣ್ಣಿನ ಬುಟ್ಟಿ, ಹದಿಮೂರು ಜನಕ್ಕೂ. ಕಲಾವಿದರನ್ನು ವೇದಿಕೆಗೆ ಕರೆಯಲಿಲ್ಲ, ಕುರ್ಚಿ ಇರಲಿಲ್ಲ. ಇದ್ದ ಕುರ್ಚಿ ಹೊತ್ತು ತಂದವರು ನಾವೇ ಆದ್ದರಿಂದ ಆ ಲೆಕ್ಕ ನಮಗೆ ಮೊದಲೇ ಗೊತ್ತಿತ್ತು.

ಭಾಷಣ ನಲವತ್ತು ನಿಮಿಷ. ರವಿವರ್ಮ ಬಂದ, ಪಿಕಾಸೊ ಬಂದ, ಅಜಂತಾ ಬಂತು, ಒಂದು ಹೊಸ ರಸ್ತೆಯೂ ಬಂತು. ಇದೇ ಧಾರವಾಡದಲ್ಲಿ 1935ರಲ್ಲಿ ಕಲಾಶಾಲೆ ತೆರೆದ ಹಾಲಭಾವಿಯವರು ಬರಲಿಲ್ಲ. ಗದಗದಲ್ಲಿ ಮಕ್ಕಳ ಕೈಗೆ ಕುಂಚ ಕೊಟ್ಟ ಅಕ್ಕಿಯವರು ಬರಲಿಲ್ಲ. ಈ ಭಾಗದ ಹಳೆ ಡ್ರಾಯಿಂಗ್ ಮಾಸ್ತರುಗಳಲ್ಲಿ ಎಷ್ಟೋ ಜನ ಆ ಶಾಲೆಗಳಿಂದ ಬಂದವರು, ನಮ್ಮ ಮಾಸ್ತರಿಗೆ ಕಲಿಸಿದವರೂ ಅಂಥವರೇ. ಮಾಸ್ತರು ಎರಡನೇ ಸಾಲಿನಲ್ಲಿ ಕೂತು ಬೆರಳು ಮಡಚುತ್ತಾ ಹೆಸರು ಕಾಯುತ್ತಿದ್ದರು. "ಕಲಾವಿದರು ಸಮಾಜದ ಕಣ್ಣು" ಅಂದಾಗ ಚಪ್ಪಾಳೆ ಬಿತ್ತು. ಕಣ್ಣಿಗೆ ಕಟ್ಟಿದ 160 ಚದರ ಅಡಿ ಪಟ್ಟಿ ಅವರ ಬೆನ್ನ ಹಿಂದೆಯೇ ಇತ್ತು.

ಚಿತ್ರ ನೋಡಿದ್ದು ನಾಲ್ಕು ನಿಮಿಷ. ಫೋಟೋಗ್ರಾಫರ್ ಹೇಳಿದ ಕಡೆ ನಿಂತು, ಒಂದು ಚಿತ್ರದ ಕಡೆ ಬೆರಳು ತೋರಿಸಿ, ಮುಖ ಮಾತ್ರ ಕ್ಯಾಮೆರಾ ಕಡೆ. ವೈನಿಯ ತೇರಿನ ಮುಂದೆ ಬಂದಾಗ ನನಗೂ ಹೊಟ್ಟೆಯಲ್ಲಿ ಒಂಥರಾ ಆಯಿತು. ಯಾಕಂದರೆ ಕಪ್ಪು ಬಟ್ಟೆಯ ಸುತ್ತಲಿನ ಗಾಜಿನಲ್ಲಿ ಹಿಂದಿನ ಫ್ಲೆಕ್ಸ್ ಕಾಣುತ್ತಿತ್ತು, ಸರಿಯಾಗಿ ಸಾಹೇಬರದೇ ಮುಖ, ತೇರಿನ ಎರಡೂ ಕಡೆ ಒಂದೊಂದು ಕಿವಿ. ಅವರು ಒಂದು ಕ್ಷಣ ನಿಂತರು. ತುಂಬಾ ಮೆಚ್ಚಿದರು. "ಮಶೀನ್ ವರ್ಕ್ ಏನ್ರಿ?" ಅಂತ ಕೇಳಿದರು. ವೈನಿ "ಹೂಂರಿ" ಅಂದುಬಿಟ್ಟರು. ಆಮೇಲೆ ಕೇಳಿದ್ದಕ್ಕೆ, "ಅಲ್ಲ ಅಂದ್ರ ಇನ್ನೊಂದ್ ಭಾಷಣ ಮಾಡ್ತಿದ್ರು" ಅಂದರು.

ಸಾಹೇಬರಿಗೆ ನೆನಪಿನ ಕಾಣಿಕೆ ಅಂತ ನನ್ನದೊಂದು ಚಿತ್ರ ಕೊಡಿಸಿದ್ದರು. ನನ್ನನ್ನು ಕೇಳಿರಲಿಲ್ಲ. ಎಲ್ಲರೂ ಹೋದ ಮೇಲೆ ಡ್ರೈವರ್ ಓಡುತ್ತಾ ವಾಪಸ್ ಬಂದ, ಸಾಹೇಬರು ಸಾಮಾನು ಬಿಟ್ಟು ಹೋಗಿದ್ದಾರಂತೆ. ಹಣ್ಣಿನ ಬುಟ್ಟಿ ತೆಗೆದುಕೊಂಡು ಹೋದ. ಚಿತ್ರ ಕುರ್ಚಿಯ ಮೇಲೆ ಇತ್ತು. ಈಗ ನಮ್ಮ ಮನೆಯಲ್ಲಿದೆ.

ಫ್ಲೆಕ್ಸ್ ತೆಗೆಯಲು ಹೋದರೆ ಸಂಘದ ಹುಡುಗರು ಬಿಡಲಿಲ್ಲ. ಮೂರು ದಿನದ ಕಾರ್ಯಕ್ರಮ, ನಡುವೆ ತೆಗೆದರೆ ಸಾಹೇಬರಿಗೆ ಅವಮಾನ. ಹಾಗಾಗಿ ಮೂರು ದಿನವೂ ಹದಿಮೂರು ಜನ ಕೈಮುಗಿದುಕೊಂಡು ನಮ್ಮ ಹದಿನೇಳು ಚಿತ್ರಕ್ಕೆ ಕಾವಲು ನಿಂತರು. ಜನ ಬಂದರು, ಬರಲಿಲ್ಲ ಅಂತ ಹೇಳುವುದು ತಪ್ಪು. ಗಿರ್ಮಿಟ್ ಪ್ಲೇಟ್ ಹಿಡಿದುಕೊಂಡೇ ಬಂದರು, ಫ್ಲೆಕ್ಸ್‌ನಲ್ಲಿ ಗುರುತಿನವರು ಯಾರಿದ್ದಾರೆ ಅಂತ ಹುಡುಕಿದರು, ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ಅಭಿಪ್ರಾಯದ ಪುಸ್ತಕದಲ್ಲಿ 'ಚೆನ್ನಾಗಿದೆ, ಶುಭವಾಗಲಿ' ಅಂತ ಇಪ್ಪತ್ತೆರಡು ಜನ ಬರೆದಿದ್ದಾರೆ. ಒಬ್ಬರು ತಮ್ಮ ಸೈಟ್ ಮಾರಾಟಕ್ಕಿದೆ ಅಂತ ಫೋನ್ ನಂಬರ್ ಬರೆದು ಹೋಗಿದ್ದಾರೆ.

ಫ್ಲೆಕ್ಸ್ ಹಿಂದೆ ಹೋಗಿ ನೋಡಿದ್ದು ಒಬ್ಬನೇ. ಚಹಾಕ್ಕೆ ಹಾಲು ತಂದ ಗೌಳಿ. ಕ್ಯಾನ್ ಕೆಳಗಿಟ್ಟು, ಫ್ಲೆಕ್ಸ್‌ನ ಮೂಲೆಯನ್ನು ಮನೆ ಬಾಗಿಲ ಪರದೆ ಸರಿಸಿದ ಹಾಗೆ ಸರಿಸಿ ಒಳಗೆ ನುಗ್ಗಿದ. ಅಲ್ಲಿ ನನ್ನ ಎಮ್ಮೆಯ ಚಿತ್ರ ಇತ್ತು, ಕೆರೆ ದಂಡೆಯಲ್ಲಿ ಮಲಗಿದ ಎಮ್ಮೆ, ನಾನು ಸ್ವಲ್ಪ ಹೆಮ್ಮೆಪಟ್ಟಿದ್ದ ಚಿತ್ರ. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಮೆಲ್ಲಗೆ ಹಿಂದೆ ಹೋಗಿ ನಿಂತೆ.

"ಯಾರ್ ತಗದಾರ್ರಿ ಇದನ್ನ?"

"ನಾನೇರಿ."

"ಎಮ್ಮಿ ಯಾವೂರದು?"

"ಇಲ್ಲೇದೇರಿ, ಧಾರವಾಡದ್ದು."

"ಅಲ್ಲಬಿಡ್ರಿ. ನಮ್ಮ ಧಾರವಾಡಿ ಎಮ್ಮಿ ಕೋಡ ಅರ್ಧಾ ಚಂದ್ರನಂಗ ಹಿಂದಕ್ಕ ಹೋಗಿ ಹೆಗಲ ಮುಟ್ಟತಾವು. ಇದು ಮುರ್ರಾ ಎಮ್ಮಿ, ಸುರುಳಿ ಕೋಡ. ಹರಿಯಾಣಾದ್ದು." ಸ್ವಲ್ಪ ಸುಮ್ಮನಿದ್ದು, ನನ್ನ ಮುಖ ನೋಡಿ, "ನೀರ ಚೊಲೋ ಬಂದೈತಿ" ಅಂತ ಸೇರಿಸಿದ.

ಅವನನ್ನು ಉದ್ಘಾಟನೆಗೆ ಕರೆಯಬೇಕಿತ್ತು ಅಂತೆಲ್ಲ ನಾನು ಹೇಳುವುದಿಲ್ಲ. ಸಿಟ್ಟೇ ಬಂದಿತ್ತು. ಮನೆಗೆ ಹೋಗಿ ಹಳೆ ಸ್ಕೆಚ್ ಪುಸ್ತಕ ತೆಗೆದು ನೋಡಿದೆ. ಅವನು ಹೇಳಿದ್ದೇ ಸರಿ, ಕೋಡು ನಾನು ಮೊಬೈಲ್‌ನಲ್ಲಿ ನೋಡಿ ಬರೆದಿದ್ದೆ.

ಮಾರಾಟ ಆಗಿದ್ದು ಎರಡು. ಒಂದು ಮಾಸ್ತರದು, ಕೊಂಡವರು ಅವರ ಹಳೆ ವಿದ್ಯಾರ್ಥಿ. ಇನ್ನೊಂದು ಹುಡುಗನದು, ಕೊಂಡಿದ್ದು ಮಾಸ್ತರು.

ಮೂರನೇ ದಿನ ಸಂಜೆ ಚಿತ್ರ ಇಳಿಸಿ ಟಾಟಾ ಏಸ್‌ಗೆ ಹೇರುವಾಗ ಮೋಡ ಕವಿಯಿತು. ಧಾರವಾಡದ ಮಳೆಗೆ ಮುನ್ಸೂಚನೆ ಅಂತ ಏನಿಲ್ಲ, ಬರುತ್ತೆ ಅಷ್ಟೆ. ತಾಡಪತ್ರಿ ತಂದಿರಲಿಲ್ಲ. ಜಲವರ್ಣ, ಬಟ್ಟೆ, ಕ್ಯಾನ್ವಾಸ್, ಎಲ್ಲ ತೆರೆದ ಗಾಡಿಯಲ್ಲಿ. ಸಂಘದ ಹುಡುಗರು ಆಗಲೇ ಹೋಗಿಯಾಗಿತ್ತು, ಫ್ಲೆಕ್ಸ್ ಅಲ್ಲೇ ಬಿಟ್ಟು. ಅಧ್ಯಕ್ಷರಿಗೆ ಫೋನ್ ಮಾಡಿದರೆ "ಅದನ್ನೇನ್ ಮಾಡ್ತೀರಿ, ಒಗದ್ ಬಿಡ್ರಿ" ಅಂದರು.

ಕಾಕಾ ಸ್ಟೂಲ್ ಹತ್ತಿ ಹಗ್ಗ ಬಿಚ್ಚಿದರು. ಐವರೂ ಸೇರಿ ಹಿಡಿದು ಗಾಡಿಯ ಮೇಲೆ ಹರವಿದೆವು. ಕಾಕಾ ಮೂಲೆ ಹಿಡಿದುಕೊಂಡು ನಿಂತರು.

"ಮಾರಿ ಒಳಗ ಮಾಡೂದೋ ಹೊರಗೋ?"

"ಒಳಗ ಮಾಡ್ರಿ ಕಾಕಾ," ಅಂದರು ವೈನಿ. "ಚಿತ್ರಾ ನೋಡ್ಲಿ."

ನವಲೂರು ದಾಟುವಾಗ ಮಳೆ ಜೋರಾಯಿತು. ಹುಬ್ಬಳ್ಳಿಗೆ ಬಂದು ಬಿಚ್ಚಿ ನೋಡಿದೆವು. ಒಂದು ಹನಿಯೂ ಒಳಗೆ ಬಂದಿರಲಿಲ್ಲ. ಫ್ಲೆಕ್ಸ್ ಈಗ ಕಾಕಾನ ಮನೆ ಹಿತ್ತಲಿನಲ್ಲಿ ಕಟ್ಟಿಗೆ ರಾಶಿಯ ಮೇಲಿದೆ. 'ಧಾರವಾಡ' ಬರೆದಿದ್ದ ತುಂಡನ್ನು ಮಾತ್ರ ಕತ್ತರಿಸಿ ತೆಗೆದಿಟ್ಟುಕೊಂಡಿದ್ದಾರೆ.