ಪಾಳಿ ಉಚ್ಚಾರಣೆ: ಯಾರ ಬಾಯಲ್ಲಿ ಕೇಳಿದ್ದು ಅಂತ ಬರೆಯಿರಿ

ಬರ್ಮಾದ ಭಿಕ್ಕುಗಳು ತ್ರಿಸರಣ, ಅಂದರೆ 'ಬುದ್ಧಂ ಸರಣಂ ಗಚ್ಛಾಮಿ' ಪಠಣ, ಹೇಳುವುದನ್ನು ಮೊದಲ ಸಲ ಕೇಳಿದಾಗ ಅದು ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿ ಅಂತಲೇ ನನಗೆ ಗೊತ್ತಾಗಲಿಲ್ಲ. ನಾವು 'ಸರಣಂ' ಅನ್ನುವ ಕಡೆ ಅವರ ನಾಲಿಗೆ ಹಲ್ಲಿನ ಸಂದಿಗೆ ಬರುತ್ತದೆ, ಇಂಗ್ಲಿಷಿನ 'ಥಿಂಕ್' ಪದದ ಮೊದಲ ಸದ್ದಿನ ಹಾಗೆ. 'ಗಚ್ಛಾಮಿ' ಅನ್ನುವುದು 'ಗಿಸ್ಸಾಮಿ'ಗೆ ಹತ್ತಿರ. ಥಾಯ್ಲೆಂಡಿನಲ್ಲಿ 'ಬುದ್ಧ' ಹೋಗಿ 'ಫುತ್ಥ' (ತುಟಿ ಕೂಡಿಸಿ ಹೇಳುವ ಫ). ಶ್ರೀಲಂಕಾದ್ದು ನಮ್ಮ ಕಿವಿಗೆ ಒಗ್ಗುತ್ತದೆ. ಆದರೆ ಅಲ್ಲೂ 'ಸರಣಂ' ಕೊನೆಗೆ ಮ್ ಇಲ್ಲ, ಙ್ ಇದೆ.

ಹೀಗಿರುವಾಗ ಉಚ್ಚಾರಣೆಯ ಪಟ್ಟಿ ಮಾಡುವವರು ಪಾಳಿ ವ್ಯಂಜನಗಳನ್ನು ಐಪಿಎ ಲಿಪಿಯಲ್ಲಿ (ಯಾವ ಭಾಷೆಯ ಸದ್ದನ್ನಾದರೂ ಬರೆಯುವ ಅಂತರರಾಷ್ಟ್ರೀಯ ಗುರುತುಗಳಲ್ಲಿ) ಬರೆದು, ಒಂದೇ ಕಾಲಂ ಮಾಡಿ, ಮೇಲೆ 'ಸಾಂಪ್ರದಾಯಿಕ ಉಚ್ಚಾರಣೆ' ಅಂತ ಹಾಕಿದರೆ ಸರಿಹೋಗುತ್ತದೆಯೇ? ಯಾವ ಸಂಪ್ರದಾಯ? ಪಾಳಿಗೆ ತನ್ನದೇ ಲಿಪಿ ಇಲ್ಲ. ಹೋದ ಹೋದ ಊರಿನ ಅಕ್ಷರವನ್ನೂ ನಾಲಿಗೆಯನ್ನೂ ಅದು ತನ್ನದಾಗಿಸಿಕೊಂಡಿದೆ. ಬರ್ಮಾದವರದ್ದು ತಪ್ಪು ಉಚ್ಚಾರಣೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಗುರುವಿನ ಬಾಯಿಂದ ಕೇಳಿ, ಹಾಗೇ ಒಪ್ಪಿಸಿ, ತಲೆತಲಾಂತರದಿಂದ ಉಳಿಸಿಕೊಂಡು ಬಂದಿದ್ದಾರೆ.

ಇನ್ನೊಂದು ತೊಂದರೆ, ರೋಮನ್ ಅಕ್ಷರವನ್ನೇ ಎತ್ತಿ ಐಪಿಎಗೆ ಇಟ್ಟುಬಿಡುವುದು. ರೋಮನ್ ಪಾಳಿಯಲ್ಲಿ ಚಕಾರಕ್ಕೆ ಬರೀ 'ಸಿ' ಅಕ್ಷರ. ಐಪಿಎಯಲ್ಲಿ ಅದೇ 'ಸಿ' ಬರೆದರೆ ಬೇರೆ ಸದ್ದು. ನೀವೇ 'ಚ' ಅಂತ ನಿಧಾನವಾಗಿ ಹೇಳಿ ನೋಡಿ. ನಾಲಿಗೆ ಮೊದಲು ಗಾಳಿಯನ್ನು ತಡೆಯುತ್ತದೆ, ಆಮೇಲೆ ಉಜ್ಜಿಕೊಂಡು ಬಿಡುತ್ತದೆ. ಐಪಿಎಯ 'ಸಿ'ಯಲ್ಲಿ ಆ ಉಜ್ಜುವಿಕೆಯೇ ಇಲ್ಲ! ಹಳೆಯ ವ್ಯಾಕರಣಗಳು ಚಕಾರ ತಾಲುವಿನಲ್ಲಿ ಹುಟ್ಟುತ್ತದೆ ಅನ್ನುತ್ತವೆ. ಅದು ಜಾಗ ಹೇಳಿತು, ಸದ್ದನ್ನು ಪೂರ್ತಿ ಹೇಳಲಿಲ್ಲ.

ಮಹಾಪ್ರಾಣದ್ದೂ ಇದೇ ಕಥೆ. ಬಾಯಿ ಮುಂದೆ ಅಂಗೈ ಹಿಡಿದು 'ಖ' ಅನ್ನಿ, ಗಾಳಿ ಬಡಿಯುತ್ತದೆ. ಗಂಟಲ ಮೇಲೆ ಬೆರಳಿಟ್ಟು 'ಘ' ಅನ್ನಿ, ಉಸಿರು ಹೊರಗೆ ಬರುವಾಗಲೂ ಗಂಟಲು ಅದುರುತ್ತಿರುತ್ತದೆ. ಅದಕ್ಕೇ ಖಕಾರಕ್ಕೆ ಮೇಲೊಂದು ಪುಟ್ಟ 'ಎಚ್', ಘಕಾರಕ್ಕೆ ತಲೆ ಬಾಗಿದ 'ಎಚ್'. ಎರಡಕ್ಕೂ ಒಂದೇ ಗುರುತು ಹಾಕಿದರೆ ಈ ವ್ಯತ್ಯಾಸ ಸುಮ್ನೆ ಅಳಿಸಿಹೋಗುತ್ತದೆ.

ಳಕಾರದಲ್ಲಿ ಮಾತ್ರ ನಮಗೆ ಕಷ್ಟವೇ ಇಲ್ಲ. ಸಂಸ್ಕೃತದ 'ಷೋಡಶ' ಪಾಳಿಯಲ್ಲಿ 'ಸೋಳಸ'. ರಾಜಗೃಹದ ಬಿದಿರುತೋಪು 'ವೇಳುವನ'. ಇದನ್ನು ಕನ್ನಡದ ಮಗು ಕೂಡ ಸರಿಯಾಗಿ ಓದುತ್ತದೆ, ಅಲ್ವಾ?

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಕಾಲಂ ಜಾಸ್ತಿ ಆದರೂ ಪರವಾಗಿಲ್ಲ. ಕೊಲಂಬೊ, ಯಾಂಗೊನ್, ಬ್ಯಾಂಕಾಕ್ ಅಂತ ಬೇರೆ ಬೇರೆ ಬರೆಯಿರಿ. ಬೆಂಗಳೂರಿಗೂ ಒಂದು ಕಾಲಂ ಇರಲಿ. ಗಾಂಧಿನಗರದ ಮಹಾಬೋಧಿ ಸೊಸೈಟಿ ಶುರುವಾಗಿದ್ದು 1956ರಲ್ಲಿ, ನಮ್ಮ ಊರಲ್ಲೂ ಪಾಳಿ ಪಠಣಕ್ಕೆ ಇಷ್ಟು ವಯಸ್ಸಾಗಿದೆ. ನಮ್ಮಲ್ಲಿ ಎಷ್ಟೋ ಜನ 'ಬುದ್ದಂ' ಅಂತಲೇ ಹೇಳುತ್ತೇವೆ. ಆ ಕಾಲಂನಲ್ಲಿ ಅದನ್ನು ಕೇಳಿಸಿದ ಹಾಗೇ ಬರೆಯಿರಿ, ತಲೆ ಬಾಗಿದ ಆ 'ಎಚ್' ಇಲ್ಲದೆ.