ಟಬ್ಬಿನಲ್ಲಿ ಕಾಲಿಟ್ಟರೆ ವಿಷ ಇಳಿಯುತ್ತಂತೆ!

ಹಾಸನದ ಕಲ್ಯಾಣ ಮಂಟಪಗಳಿಗೆ ಆಷಾಢದಲ್ಲೂ ಬಿಡುವಿಲ್ಲ. ಲಗ್ನ ಇಲ್ಲದ ದಿನ ಅಲ್ಲಿ ‘ಉಚಿತ ಆರೋಗ್ಯ ಶಿಬಿರ’ ನಡೆಯುತ್ತದೆ. ಉಚಿತ ಅಂದರೆ ಒಳಗೆ ಹೋಗುವುದಷ್ಟೇ. ಹೊರಗೆ ಬರುವಾಗ ಸೊಂಟಕ್ಕೊಂದು ಮ್ಯಾಗ್ನೆಟ್ ಬೆಲ್ಟು, ಕೈಚೀಲದಲ್ಲಿ ನಾಲ್ಕು ಡಬ್ಬಿ ಪುಡಿ ಇರುತ್ತದೆ, ಜೇಬಿನಲ್ಲಿ ಏನೂ ಇರುವುದಿಲ್ಲ. ಹೆಂಗಸರು ಶಕ್ತಿ ಯೋಜನೆ ಪುಣ್ಯದಿಂದ ಹೇಗೋ ಊರು ಸೇರುತ್ತಾರೆ, ಗಂಡಸರ ಪಾಡು ಹಾಸನಾಂಬೆಗೇ ಗೊತ್ತು.

ಶಿಬಿರದ ಹೀರೋ ಒಂದು ಪ್ಲಾಸ್ಟಿಕ್ ಟಬ್. ಅದರಲ್ಲಿ ಬೆಚ್ಚಗಿನ ನೀರು, ಒಂದು ಚಮಚ ಉಪ್ಪು, ವೈರಿನ ತುದಿಯಲ್ಲಿ ಲೋಹದ ಸುರುಳಿ. ದುದ್ದ ಕಡೆಯ ಗೌಡರೊಬ್ಬರು ಪಂಚೆ ಎತ್ತಿ ಕಟ್ಟಿಕೊಂಡು, ಹಿಮ್ಮಡಿಯ ಬಿರುಕಿನಲ್ಲಿ ಹೊಲದ ಮಣ್ಣು ಇನ್ನೂ ಕೂತಿರುವಾಗಲೇ ಎರಡೂ ಕಾಲು ಅದ್ದುತ್ತಾರೆ. ಬಿಳಿ ಕೋಟಿನ ಹುಡುಗ ಸ್ವಿಚ್ ಒತ್ತುತ್ತಾನೆ. ನೀರು ಮೊದಲು ಹಳದಿ, ಆಮೇಲೆ ಕಿತ್ತಳೆ, ಅರ್ಧ ಗಂಟೆಯಲ್ಲಿ ಗಟ್ಟಿ ಕಂದು, ಮೇಲೊಂದಿಷ್ಟು ನೊರೆ. ಗೋಡೆ ಮೇಲೆ ಚಾರ್ಟ್ ಇದೆ: ಕಿತ್ತಳೆ ಬಂದರೆ ಕೀಲಿನ ಕೊಳೆ, ಕಂದು ಬಂದರೆ ಲಿವರ್‌ದು, ಕರಿ ಚುಕ್ಕೆ ತೇಲಿದರೆ ಮೈಯೊಳಗಿನ ಲೋಹ. ‘ನೋಡಿ ಯಜಮಾನ್ರೇ, ಇಷ್ಟೂ ವಿಷ ನಿಮ್ಮ ಬಾಡಿಯೊಳಗೇ ಇತ್ತು!’ ಗೌಡರು ಗಾಬರಿಯಾಗುತ್ತಾರೆ ಅಂದುಕೊಂಡಿರಾ? ಇಲ್ಲ, ಕತ್ತು ಉದ್ದ ಮಾಡಿ ಪಕ್ಕದವರ ಟಬ್ ಇಣುಕುತ್ತಾರೆ. ತಮ್ಮದೇ ಜಾಸ್ತಿ ಕಂದು ಅಂತ ಗೊತ್ತಾದ ಮೇಲೆ ಮುಖದಲ್ಲಿ ಒಂದು ತೃಪ್ತಿ.

ಆ ಸುರುಳಿಯಲ್ಲಿ ಇರುವುದು ಕಬ್ಬಿಣ. ಉಪ್ಪುನೀರಲ್ಲಿ ಕಬ್ಬಿಣ ಇಟ್ಟು ಕರೆಂಟ್ ಹರಿಸಿದರೆ ತುಕ್ಕು ಬಿಡುತ್ತದೆ, ನೀರು ಕಂದಾಗುತ್ತದೆ, ಅಷ್ಟೇ ಕಥೆ. ಕಾಲಿದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ. ಮೈಯೊಳಗಿನ ಕೊಳೆ ತೆಗೆಯೋ ಕೆಲಸವನ್ನು ಲಿವರ್ರು, ಕಿಡ್ನಿ ಹುಟ್ಟಿದಾಗಿನಿಂದ ಸಂಬಳ ಕೇಳದೆ ಮಾಡಿಕೊಂಡು ಬರುತ್ತಿವೆ, ಪಾಪ ಅವಕ್ಕೆ ಬ್ಯಾನರ್ ಹಾಕಿಸಲು ಬರುವುದಿಲ್ಲ.

ಇದೇ ಗೌಡರನ್ನು ಮೇ ತಿಂಗಳಲ್ಲಿ ಎಪಿಎಂಸಿಯಲ್ಲಿ ನೋಡಬೇಕು. ಜಲಂಧರದಿಂದ ಬಂದ ಬಿತ್ತನೆ ಆಲೂಗೆಡ್ಡೆ ಮೂಟೆಯನ್ನು ಬಿಚ್ಚಿಸಿ, ಮೇಲಿನದು ಬೇಡ ಅಂತ ತಳದಿಂದ ಗೆಡ್ಡೆ ಎತ್ತಿಸಿ, ಕುಯ್ದು, ಮೂಸಿ, ಬೆಳಕಿಗೆ ಹಿಡಿದು ನೋಡಿ, ‘ಹೋದ ಸಲ ನಿನ್ನ ಬೀಜ ಹಾಕಿಯೇ ಅಂಗಮಾರಿ ಬಂದು ಮುಳುಗಿದ್ದು ಕಣಯ್ಯಾ’ ಅಂತ ವರ್ತಕನಿಗೆ ಬೈದು, ಕೊನೆಗೆ ಏನೂ ತಗೊಳ್ಳದೆ ಪಕ್ಕದ ಅಂಗಡಿಗೆ ನಡೆಯುತ್ತಾರೆ. ಗೆಡ್ಡೆಗೆ ಇಷ್ಟು ವಿಚಾರಣೆ! ಟಬ್ ಮುಂದೆ ಒಂದೇ ಮಾತು ಕೇಳಿದ್ದರೆ ಸಾಕಿತ್ತು: ‘ತಮ್ಮಾ, ನಾನು ಕಾಲು ಎತ್ಕೊಂಡು ಕೂತ್ಕೋತೀನಿ, ನೀನು ಸುಮ್ನೆ ಸ್ವಿಚ್ ಹಾಕು ನೋಡಾಣ.’

ಇದೇನು ಹೊಸ ಉಪಾಯವಲ್ಲ. ಮೆಸ್ಮರ್ ಅನ್ನುವ ವೈದ್ಯ ಮೈಗೆ ಕಾಂತಶಕ್ತಿ ಹರಿಸಿ ರೋಗ ಓಡಿಸುತ್ತೇನೆ ಅಂತ ಪ್ಯಾರಿಸ್ಸಿನ ದೊಡ್ಡಮನುಷ್ಯರನ್ನೆಲ್ಲ ಮರುಳು ಮಾಡಿದ್ದ. 1784ರಲ್ಲಿ ಫ್ರಾನ್ಸಿನ ರಾಜ ಇದನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ. ಅದರಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದರು, ರಸಾಯನ ವಿಜ್ಞಾನಿ ಲಾವೋಸಿಯೆ ಇದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಮರಕ್ಕೆ ಮೆಸ್ಮರನ ಶಿಷ್ಯನಿಂದಲೇ ‘ಶಕ್ತಿ’ ತುಂಬಿಸಿದರು. 12 ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಮರ ತಬ್ಬಿಸಿದರು. ಶಕ್ತಿ ತುಂಬದ ನಾಲ್ಕನೇ ಮರದ ಹತ್ತಿರ ಹುಡುಗ ಮೂರ್ಛೆ ಬಿದ್ದ! ಕಾಂತಶಕ್ತಿ ಏನೂ ಇಲ್ಲ, ಎಲ್ಲ ಬರೀ ಕಲ್ಪನೆ ಅಂತ ಆ ಸಮಿತಿಗೆ ಅಲ್ಲಿಗೆ ಗೊತ್ತಾಗಿದ್ದು ನಮ್ಮೂರಿನ ಮ್ಯಾಗ್ನೆಟ್ ಬೆಲ್ಟಿಗೆ ಇನ್ನೂ ತಲುಪಿಲ್ಲ.

ಪಕ್ಕದ ಟೇಬಲ್ಲಿನಲ್ಲಿ ‘ಕ್ವಾಂಟಂ’ ಮೆಷಿನ್ನು. ಒಂದು ಸಲಾಕೆ ಹಿಡಿದುಕೊಂಡು ಒಂದು ನಿಮಿಷ ಕೂತರೆ ಪುಟಗಟ್ಟಲೆ ರಿಪೋರ್ಟ್. ಸೂಜಿ ಬೇಡ, ರಕ್ತ ಬೇಡ. ಎಲ್ಲರಿಗೂ ಕ್ಯಾಲ್ಸಿಯಂ ಕಡಿಮೆ, ಎಲ್ಲರ ಲಿವರೂ ಸುಸ್ತು. ಎಲ್ಲದಕ್ಕೂ ಮದ್ದು ಅದೇ ಮೂಲೆಯ ಸ್ಟಾಲಿನಲ್ಲಿ.

ಜನರನ್ನಷ್ಟೇ ಬೈದು ಸುಮ್ಮನಾಗುವ ಹಾಗೂ ಇಲ್ಲ. 2025ರ ಜೂನ್, ಜುಲೈನಲ್ಲಿ ಬೆಳಗಾದರೆ ಟಿವಿ ತುಂಬ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕತ್ತಲಿದ್ದಾಗಲೇ ಸಾಲು ನಿಂತಿದ್ದರು. ಆ ಭಯ ನಿಜವಾದದ್ದು. ಅಂಥ ಭಯ ಇರುವ ಕಡೆ ಟಬ್ ತಾನಾಗಿ ಉರುಳಿಕೊಂಡು ಬರುತ್ತದೆ. ಅಜ್ಜಿಯ ಶುಂಠಿ-ಮೆಣಸಿನ ಕಷಾಯದ ಮೇಲೆ ನನ್ನ ತಕರಾರೇನಿಲ್ಲ, ಅಜ್ಜಿ ಯಾವತ್ತೂ ‘ಹತ್ತು ಸಿಟ್ಟಿಂಗ್ ತಗೊಂಡ್ರೆ ಎರಡು ಫ್ರೀ’ ಅಂದವಳಲ್ಲ. ‘ಇನ್ಮೇಲೆ ಶುಗರ್ ಮಾತ್ರೆ ನಿಲ್ಲಿಸಿಬಿಡಿ’ ಅಂತಲೂ ಅಂದವಳಲ್ಲ. ಆ ಮಾತು ಕೇಳಿ ಇನ್ಸುಲಿನ್ ಬಿಟ್ಟವರು ಆಮೇಲೆ ಐಸಿಯು ಬಾಗಿಲಿಗೆ ಬರುವಾಗ ಶಿಬಿರ ಅರಸೀಕೆರೆಗೋ ಕಡೂರಿಗೋ ಹೋಗಿರುತ್ತದೆ.

ಕಾನೂನು ಇಲ್ವಾ ಅಂದರೆ, ಇದೆ. ಮಾಯಾ ಮದ್ದುಗಳ ಜಾಹೀರಾತಿನ ಮೇಲೆ 1954ರಲ್ಲೇ ಕಾಯ್ದೆ ಬಂದಿದೆ. ಶುಗರ್, ಕ್ಯಾನ್ಸರ್, ಬಿಪಿ, ಹೃದ್ರೋಗ, ಕಿಡ್ನಿ ಕಲ್ಲು, ಪಾರ್ಶ್ವವಾಯು, ಬೊಜ್ಜು, ಇವನ್ನೆಲ್ಲ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದು, ಕೊಟ್ಟರೆ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲಾಗಬಹುದು. ಶಿಬಿರದ ಕರಪತ್ರ ಓದಿದರೆ ಒಂದು ಸಂಗತಿ ಖಾತ್ರಿಯಾಗುತ್ತದೆ: ಈ ಕಾಯ್ದೆಯನ್ನು ಇಡೀ ಜಿಲ್ಲೆಯಲ್ಲಿ ಗಮನವಿಟ್ಟು ಓದಿರುವವರು ಇವರೊಬ್ಬರೇ. ಯಾವ ಯಾವ ರೋಗ ಬರೆಯಬಾರದು ಅಂತ ಅದರಲ್ಲಿದೆಯೋ ಅಷ್ಟನ್ನೂ ಒಂದೂ ಬಿಡದೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.

ಕರಪತ್ರದ ಕೆಳಗೆ ಉದ್ಘಾಟಕರ ಫೋಟೋ. ಅವರು ಬರುತ್ತಾರೆ, ದೀಪ ಹಚ್ಚುತ್ತಾರೆ, ‘ಇಂಗ್ಲಿಷ್ ಮದ್ದಿನಿಂದ ನಮ್ಮ ಜನ ಹಾಳಾದರು’ ಅಂತ ಭಾಷಣ ಮಾಡುತ್ತಾರೆ. ಇಳಿದು ಬರುವಾಗ ಸಂಘಟಕರು ಟಬ್ ತೋರಿಸಿ ‘ಅಣ್ಣಾ, ನೀವೂ ಒಂದೈದು ನಿಮಿಷ ಕಾಲಿಡಿ, ಒಂದು ಫೋಟೋ’ ಅಂದರೆ, ಅಣ್ಣ ವಾಚು ನೋಡಿಕೊಂಡು, ‘ಇನ್ನೊಂದ್ಸಲ ಇಡಾಣ ಬಿಡಪ್ಪಾ, ಮಧ್ಯಾಹ್ನ ಬೆಂಗಳೂರಲ್ಲಿ ಹಾರ್ಟ್ ಡಾಕ್ಟ್ರು ಟೈಮ್ ಕೊಟ್ಟವ್ರೆ’ ಅಂತ ಕಾರು ಹತ್ತುತ್ತಾರೆ.