ಅಡುಗೆಮನೆಯಲ್ಲಿಟ್ಟ ಕಲ್ಲು

ಸ್ಟಾಕ್‌ಹೋಮ್‌ಗೆ ಬಂದ ಹೊಸದರಲ್ಲಿ 20 ಕ್ರೋನರ್ ನೋಟಿನ ಮೇಲಿದ್ದ ಹೆಂಗಸನ್ನು ಯಾವುದೋ ಕಾಲದ ರಾಣಿಯಿರಬೇಕೆಂದು ತಿಳಿದಿದ್ದೆ. ಆಕೆ ಸ್ವೀಡನ್ನಿನ ಮಕ್ಕಳ ಕತೆಗಾರ್ತಿ ಆಸ್ಟ್ರಿಡ್ ಲಿಂಡ್‌ಗ್ರೆನ್, 1907ರಲ್ಲಿ ವಿಮ್ಮರ್‌ಬಿ ಎಂಬ ಸಣ್ಣ ಊರಿನ ಪಕ್ಕದ ರೈತರ ಮನೆಯಲ್ಲಿ ಹುಟ್ಟಿದವರು. 1941ರಲ್ಲಿ ಕಾಯಿಲೆ ಬಿದ್ದ ಮಗಳು ತಾನೇ ಕಟ್ಟಿದ ಹೆಸರೊಂದನ್ನು ಹೇಳಿ ‘ಪಿಪ್ಪಿಯ ಕತೆ ಹೇಳು’ ಎಂದಳಂತೆ. ಮೂರು ವರ್ಷದ ಬಳಿಕ ಹಿಮದಲ್ಲಿ ಜಾರಿ ಕಾಲು ಉಳುಕಿ ಮಲಗಿದ್ದಾಗ ಆಸ್ಟ್ರಿಡ್ ಅದನ್ನು ಶೀಘ್ರಲಿಪಿಯಲ್ಲಿ ಬರೆದಿಟ್ಟರು. ಮೊದಲ ಪ್ರಕಾಶಕರು ಬೇಡವೆಂದರು; 1945ರಲ್ಲಿ ಇನ್ನೊಬ್ಬರು ಅಚ್ಚು ಹಾಕಿದರು. ಒಂಟಿಯಾಗಿ ಬದುಕುವ, ಕುದುರೆಯನ್ನೇ ಎತ್ತಬಲ್ಲ, ಶಾಲೆಯ ಶಿಸ್ತಿಗೆ ಬಗ್ಗದ ಆ ಹುಡುಗಿಯನ್ನು ಇಂದು ಇಲ್ಲಿ ಅರಿಯದ ಮಗುವಿಲ್ಲ.

ಸಾಹಿತಿಗಳನ್ನು ಗೌರವಿಸುವುದರಲ್ಲಿ ನಾವೇನೂ ಹಿಂದಿಲ್ಲ. ಆದರೆ ಮಕ್ಕಳಿಗೆ ಬರೆದವರನ್ನು ನಾವು ಪಠ್ಯಪುಸ್ತಕದಲ್ಲಿ ಕೂರಿಸಿ ಸುಮ್ಮನಾಗುತ್ತೇವೆ. ಇಲ್ಲಿನವರು ದೊಡ್ಡವರ ವ್ಯವಹಾರದಲ್ಲೂ ಆಕೆಯ ಮಾತಿಗೆ ಕಿವಿಗೊಟ್ಟರು. ತಮ್ಮ ಮೇಲೆ ಶೇ. 102ರ ತೆರಿಗೆ ಬಿದ್ದದ್ದನ್ನು ಆಸ್ಟ್ರಿಡ್ 1976ರಲ್ಲಿ ಕತೆಯಾಗಿಸಿ ಪತ್ರಿಕೆಗೆ ಕೊಟ್ಟಾಗ, ಹಣಕಾಸು ಮಂತ್ರಿಗಳು ಈಕೆಗೆ ಕತೆ ಬರುತ್ತದೆ, ಲೆಕ್ಕ ಬಾರದು ಎಂಬರ್ಥದಲ್ಲಿ ಹಂಗಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ಮತ್ತು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆಳಿದ್ದ ಪಕ್ಷ ಅದೇ ವರ್ಷದ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡಿತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು 1978ರ ಮಾತು. ಜರ್ಮನಿಯ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಸ್ವೀಕರಿಸುತ್ತ ಆಸ್ಟ್ರಿಡ್ ಒಬ್ಬ ತಾಯಿಯ ಕತೆ ಹೇಳಿದರು. ತಪ್ಪು ಮಾಡಿದ ಮಗನಿಗೆ, ಹೊಡೆಯಲು ಬೇಕಾದ ಕೋಲನ್ನು ನೀನೇ ಹುಡುಕಿ ತಾ ಎಂದು ಅವಳು ಕಳಿಸಿದಳು. ಬಹಳ ಹೊತ್ತಿನ ನಂತರ ಅಳುತ್ತ ಬಂದ ಮಗು, ಕೋಲು ಸಿಗಲಿಲ್ಲ, ಈ ಕಲ್ಲನ್ನಾದರೂ ನನ್ನ ಮೇಲೆ ಎಸೆ ಎಂದು ಕೈ ಚಾಚಿತು. ತಾಯಿ ಮಗನನ್ನು ತಬ್ಬಿಕೊಂಡು ಅತ್ತು, ಆ ಕಲ್ಲನ್ನು ಅಡುಗೆಮನೆಯಲ್ಲಿ ತನ್ನ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಳು. ಮರುವರ್ಷ ಸ್ವೀಡನ್, ಮನೆಯಲ್ಲೂ ಮಕ್ಕಳಿಗೆ ಹೊಡೆಯಕೂಡದೆಂದು ಕಾನೂನು ಮಾಡಿದ ಮೊದಲ ದೇಶವಾಯಿತು. ಒಂದು ಭಾಷಣದಿಂದಲೇ ಅದು ಬಂತೆನ್ನುವುದು ಅತಿಶಯೋಕ್ತಿ. ಅಂಥ ಭಾಷಣವನ್ನು ಕೇಳಿಸಿಕೊಳ್ಳಬಲ್ಲ ಸಮಾಜ ಅದಾಗಿತ್ತೆನ್ನುವುದು ಅತಿಶಯೋಕ್ತಿಯಲ್ಲ.

ನಮ್ಮ ಪಂಜೆ ಮಂಗೇಶರಾಯರು (1874–1937) ಸ್ವತಃ ಅಧ್ಯಾಪಕರು, ಮಕ್ಕಳ ಬಾಯಿಗೆ ಒಪ್ಪುವ ಕನ್ನಡವನ್ನು ಪದ್ಯಕ್ಕೆ ತಂದವರು. ಅವರ ನಾಗರಹಾವಿನ ಪದ್ಯವನ್ನು ನಾನು ಕಲಿತದ್ದು ನಾಗರಬೆತ್ತದ ಎದುರಿನಲ್ಲಿ. ಮೂರನೆಯ ತರಗತಿಯಲ್ಲಿ ಕೈ ಕಟ್ಟಿ ನಿಂತು ಒಪ್ಪಿಸುವಾಗ ನಡುವೆ ಸಾಲು ಮರೆತು, ಅಂಗೈಗೆ ಎರಡೇಟು ತಿಂದೆ. ಮೇಷ್ಟ್ರು ಕೆಟ್ಟವರಲ್ಲ, ಪದ್ಯಕ್ಕೂ ಬೆತ್ತಕ್ಕೂ ಆಗಿಬರುವುದಿಲ್ಲವೆಂದು ಅವರಿಗೂ ಯಾರೂ ಹೇಳಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ ನಿಜ, ಆದರೂ ಊರಿಗೆ ಹೋದಾಗಲೆಲ್ಲ ‘ಎರಡು ಬಿಗಿದರೆ ಸರಿಹೋಗುತ್ತಾನೆ’ ಎಂಬ ಮಾತು ನೆಂಟರ ಮನೆಗಳಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ.

ಕಳೆದ ಚಳಿಗಾಲದಲ್ಲಿ ಅದೇ ಪದ್ಯವನ್ನು ಮಗಳಿಗೆ ಹೇಳಿಕೊಡುತ್ತ, ನಗುವಳೆಂದು ಈ ಪ್ರಸಂಗವನ್ನೂ ಹೇಳಿದೆ. ಅವಳು ನಗಲಿಲ್ಲ. “ಮರೆತುಹೋದರೆ ಅವರೇ ಹೇಳಿಕೊಡಬಹುದಿತ್ತಲ್ಲ, ಅಪ್ಪ?” ಎಂದಳು. ‘ದಂಡಂ ದಶಗುಣಂ’ ಎಂಬುದು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಪದ್ಯವನ್ನು ಮೊದಲಿನಿಂದ ಶುರುಮಾಡಿದೆ.